ಮನೆಗೆ ಎಷ್ಟು ವ್ಯಾಟ್ ಬೇಕು? ವಾಲ್ವ್ ಆಂಪ್ಲಿಫೈಯರ್ ಕುರಿತು ಒಂದಿಷ್ಟು



ಈ ಸಲ ಪಟಸಂಖ್ಯೆ, ಪಠ್ಯಪುಸ್ತಕ, ಶಿಕ್ಷಕರ ಕೊರತೆ ಎಲ್ಲ ಬಿಟ್ಟು ಬೇರೆ ವಿಷಯ ಬರೆಯುತ್ತಿದ್ದೇನೆ. ಆದರೆ ಓದುತ್ತಾ ಹೋದರೆ ಇದೂ ಕೊನೆಗೆ ಶಾಲೆಯ ಹತ್ತಿರವೇ ಬಂದು ನಿಲ್ಲುತ್ತದೆ. ಮಾಸ್ತರರ ಹಣೆಬರಹ, ಏನು ಮಾಡುವುದು!

ಹೋದ ತಿಂಗಳು ನಮ್ಮ ಹಿರಿಯ ಗುರುಗಳೊಬ್ಬರು ಮನೆಗೆ ಬಂದಿದ್ದರು. ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲೇ ಇಡೀ ನೌಕರಿ ಮುಗಿಸಿ ನಿವೃತ್ತರಾದವರು. ಸಂಗೀತದ ಹುಚ್ಚು. ಮನ್ಸೂರರ ಹೆಸರು ಹೇಳಿದರೆ ಊಟ ಬಿಟ್ಟು ಕೂಡುವ ಮನುಷ್ಯ. ಚಹಾ ಕುಡಿದು ಜೇಬಿನಿಂದ ಒಂದು ಚೀಟಿ ತೆಗೆದರು. ಅದರ ಮೇಲೆ "300ಬಿ, ಎಂಟು ವ್ಯಾಟ್, 1,40,000" ಅಂತ ಬರೆದಿತ್ತು.

"ಪುಣೆಯಾಗ ನಮ್ಮ ಹಳೆ ವಿದ್ಯಾರ್ಥಿ ಮನ್ಯಾಗ ಕೇಳಿದೆ ನೋಡ್ರಿ. ಗಾಜಿನ ಬುರುಡೆ ಹತ್ತಿ ಉರೀತಿದ್ವು. ಅಣ್ಣಾವರು ಎದುರಿಗೇ ಕೂತು ಹಾಡಿದಂಗ ಆತು. ಪೆನ್ಶನ್ ರೊಕ್ಕ ಬಂದೈತಿ. ತರಸಲೇನು? ನೀವು ರೇಡಿಯೋ ಬಿಚ್ಚಿ ಕಟ್ಟಿದವರು, ನೀವು ಹೇಳ್ರಿ" ಅಂದರು.

ನಾನು ಬಿ.ಎ. ಮಾಡಿದವನು, ಎಂಜಿನಿಯರ್ ಅಲ್ಲ. ಆದರೆ ವಿಜಾಪುರದಲ್ಲಿ ಟಿಸಿಎಚ್ ಓದುವಾಗ ಸಂಜೆ ಹೊತ್ತು ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತಿದ್ದೆ. ಆ ಚಟ ಇನ್ನೂ ಬಿಟ್ಟಿಲ್ಲ. ಗುರುಗಳಿಗೆ ಅವತ್ತೇ ಉತ್ತರ ಕೊಡಲಿಲ್ಲ, ಒಂದು ತಿಂಗಳ ಟೈಮ್ ಕೇಳಿದೆ. ಆ ಒಂದು ತಿಂಗಳಲ್ಲಿ ಮಾಡಿದ್ದು, ಯೋಚಿಸಿದ್ದು ಎಲ್ಲ ಇಲ್ಲಿದೆ.

ಮೊದಲು ವಾಲ್ವ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಕೆರೆಯ ತೂಬು ನಿಮಗೆಲ್ಲ ಗೊತ್ತು. ಒಳಗೆ ಸಾವಿರಾರು ಘನ ಅಡಿ ನೀರು. ಆದರೆ ತೂಬನ್ನು ಸ್ವಲ್ಪ ಎತ್ತಲು, ಇಳಿಸಲು ಒಬ್ಬ ಮನುಷ್ಯನ ಕೈಬಲ ಸಾಕು. ಕೈ ಆಡಿದ ಹಾಗೆ ನೀರಿನ ಹರಿವು ಹೆಚ್ಚು ಕಡಿಮೆ ಆಗುತ್ತದೆ. ವಾಲ್ವ್ ಕೂಡ ಹಾಗೇ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಕ್ಯಾಥೋಡ್ ಇರುತ್ತದೆ. ಅದನ್ನು ಕಾಯಿಸಿದರೆ ಎಲೆಕ್ಟ್ರಾನುಗಳು ಹೊರಬಿದ್ದು ಎದುರಿನ ಲೋಹದ ಪ್ಲೇಟಿನ ಕಡೆಗೆ ಓಡುತ್ತವೆ. ನಡುವೆ ಒಂದು ತೆಳ್ಳನೆಯ ಜಾಲರಿ. ಆ ಜಾಲರಿಗೆ ಹಾಡಿನ ಸಣ್ಣ ವೋಲ್ಟೇಜ್ ಕೊಟ್ಟರೆ ಪ್ಲೇಟಿಗೆ ಹೋಗುವ ದೊಡ್ಡ ಪ್ರವಾಹ ಅದರ ತಾಳಕ್ಕೆ ಕುಣಿಯುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಜಾಲರಿ ಇಲ್ಲದ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ತುಂಡು ಸೇರಿಸಿದರು. ಅಲ್ಲಿಂದ ಸುಮಾರು ಐವತ್ತು ವರ್ಷ ಜಗತ್ತಿನ ರೇಡಿಯೋ, ಸಿನಿಮಾ, ಟೆಲಿಫೋನು ಎಲ್ಲ ನಡೆದದ್ದು ಈ ಬುರುಡೆಗಳ ಮೇಲೆ. 1947ರ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಆಮೇಲೆ ನಿಧಾನವಾಗಿ ವಾಲ್ವಿನ ಕಾಲ ಮುಗಿಯಿತು.

ಮುಗಿಯಿತು ಅಂದೆನಾದರೂ ಪೂರ್ತಿ ಮುಗಿದಿಲ್ಲ. ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ವಾಲ್ವ್ ತಯಾರಾಗುತ್ತವೆ. ಗಿಟಾರ್ ನುಡಿಸುವವರು ಮತ್ತು ನಮ್ಮ ಗುರುಗಳಂಥ ಸಂಗೀತದ ಹುಚ್ಚಿನವರು ಕೊಳ್ಳುತ್ತಾರೆ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ರೇಡಿಯೋ ವಾಲ್ವ್ ಮಾಡುತ್ತಿತ್ತು. ಹಳೆಯ ರೇಡಿಯೋ ಬಿಚ್ಚಿದರೆ ಗಾಜಿನ ಮೇಲೆ ಬಿಇಎಲ್ ಅನ್ನುವ ಅಕ್ಷರ ಈಗಲೂ ಸಿಗುತ್ತದೆ. ಅಟ್ಟದ ಮೇಲಿರುವ ನಮ್ಮಪ್ಪನ ರೇಡಿಯೋದಲ್ಲಿ ಒಂದು ವಾಲ್ವ್ ಅದೇ.

ಆ ರೇಡಿಯೋದ ಬಗ್ಗೆ ಎರಡು ಮಾತು. ಗಡಿಯಾಚೆಯ ಕನ್ನಡ ಮನೆಗಳಲ್ಲಿ ರೇಡಿಯೋ ಅಂದರೆ ಏನಾಗಿತ್ತು ಅಂತ ಬೆಂಗಳೂರಿನವರಿಗೆ ತಿಳಿಸುವುದು ಕಷ್ಟ. ಕಚೇರಿಗೆ ಹೋದರೆ ಮರಾಠಿ, ಬಸ್ಸಿನ ಬೋರ್ಡು ಮರಾಠಿ, ಅರ್ಜಿ ಮರಾಠಿ. ಮನೆಯಲ್ಲಿ ನಾವು ಆಡುವ ಕನ್ನಡ ಅರ್ಧ ಮರಾಠಿ ಬೆರೆತದ್ದು. ಅಚ್ಚ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಎರಡೇ ಕಡೆ. ಒಂದು ಶಾಲೆ, ಇನ್ನೊಂದು ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಆ ನಿಲಯ ನಮ್ಮ ಕಡೆಯವರಿಗೆ ಎರಡನೇ ಶಾಲೆ ಇದ್ದ ಹಾಗೆ ಇತ್ತು. ನಮ್ಮಪ್ಪ ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ರೇಡಿಯೋ ಹಚ್ಚುತ್ತಿದ್ದರು. ವಾಲ್ವ್ ಕಾಯಲು ಅರ್ಧ ನಿಮಿಷ ಬೇಕು. ಮೊದಲು ಹಳದಿ ಬೆಳಕು, ಆಮೇಲೆ ಸಣ್ಣಗೆ ಗುಂಯ್ ಅನ್ನುವ ಸದ್ದು, ಆಮೇಲೆ ಧ್ವನಿ. ಆ ಅರ್ಧ ನಿಮಿಷ ನಾವು ಮಕ್ಕಳೆಲ್ಲ ಬಾಯಿ ಮುಚ್ಚಿ ಕೂಡುತ್ತಿದ್ದೆವು.

ಆ ರೇಡಿಯೋದ ಶಕ್ತಿ ಎಷ್ಟು ಗೊತ್ತೇ? ಕೊನೆಯ ಹಂತದಲ್ಲಿ ಇಎಲ್84 ಅನ್ನುವ ಒಂದೇ ವಾಲ್ವ್. ಹೊರಗೆ ಬರುವುದು ಮೂರು ನಾಲ್ಕು ವ್ಯಾಟ್. ಅಷ್ಟರಲ್ಲಿ ಇಡೀ ಪಡಸಾಲೆ, ಅಂಗಳ, ಪಕ್ಕದ ಮನೆಯ ಕಟ್ಟೆ ಎಲ್ಲ ಕೇಳುತ್ತಿತ್ತು! ಈಗ ಅಂಗಡಿಗೆ ಹೋಗಿ ನೋಡಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಸಾವಿರ ವ್ಯಾಟ್ ಅಂತ ಬರೆದಿರುತ್ತಾರೆ. ಹಾಗಾದರೆ ನಿಜವಾಗಿ ಮನೆಗೆ ಎಷ್ಟು ಬೇಕು?

ಇದಕ್ಕೆ ಏಳನೇ ಕ್ಲಾಸಿನ ಲೆಕ್ಕ ಸಾಕು. ಧ್ವನಿಯನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ವ್ಯಾಟ್ ಎರಡು ಪಟ್ಟು ಮಾಡಿದರೆ 3 ಡೆಸಿಬಲ್ ಏರುತ್ತದೆ, ಹತ್ತು ಪಟ್ಟು ಮಾಡಿದರೆ 10 ಡೆಸಿಬಲ್. ನಮ್ಮ ಕಿವಿಗೆ "ಈಗ ಎರಡರಷ್ಟು ಜೋರಾಯಿತು" ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು. ಅಂದರೆ ಹತ್ತು ವ್ಯಾಟಿನ ಸೆಟ್ಟಿಗಿಂತ ನೂರು ವ್ಯಾಟಿನದು ಹತ್ತರಷ್ಟು ಜೋರಲ್ಲ, ಎರಡರಷ್ಟು ಮಾತ್ರ. ಇದು ಗೊತ್ತಿಲ್ಲದೆ ನಾವು ವ್ಯಾಟಿಗೆ ರೊಕ್ಕ ಸುರಿಯುತ್ತೇವೆ.

ಇನ್ನು ಸ್ಪೀಕರ್. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬಲ್ ಬರುತ್ತದೆ ಅನ್ನುವುದು ಅದರ ಸಂವೇದನೆ. ಸಾಧಾರಣ ಸ್ಪೀಕರ್ 88 ಅಂತ ಇಟ್ಟುಕೊಳ್ಳಿ. ಎರಡು ಸ್ಪೀಕರ್ ಇಟ್ಟು, ಎರಡೂವರೆ ಮೀಟರ್ ದೂರದಲ್ಲಿ ಕುಳಿತರೆ ಕೋಣೆಯಲ್ಲಿ ಅಂದಾಜು 85 ನಿಮ್ಮ ಕಿವಿಗೆ ತಲುಪುತ್ತದೆ. ರಾತ್ರಿ ಹೊತ್ತು ಒಂದು ಖಯಾಲ್ ಕೇಳಲು ಸರಾಸರಿ 70 ಡೆಸಿಬಲ್ ಧಾರಾಳ. ಮಾಮೂಲು ಮಾತುಕತೆಯೇ 60ರ ಆಸುಪಾಸು. 85ರಿಂದ 70ಕ್ಕೆ ಇಳಿಯಬೇಕೆಂದರೆ ಒಂದು ವ್ಯಾಟನ್ನು ಸುಮಾರು ಮೂವತ್ತು ಪಾಲು ಮಾಡಿ ಒಂದು ಪಾಲು ಸಾಕು! ತಾರ ಸಪ್ತಕಕ್ಕೆ ಏರಿ ತಾನ್ ಹೊಡೆದಾಗ, ತಬಲಾದ ಪೆಟ್ಟು ಬಿದ್ದಾಗ ಸರಾಸರಿಗಿಂತ 15 ಡೆಸಿಬಲ್ ಜಿಗಿಯಿತು ಅನ್ನಿ, ಆಗ ಒಂದು ವ್ಯಾಟ್ ಬೇಕು. ಅಪ್ಪನ ರೇಡಿಯೋ ಮೂರು ವ್ಯಾಟಿನಲ್ಲಿ ಊರಿಗೆಲ್ಲ ಕೇಳಿಸಿದ್ದು ಪವಾಡವಲ್ಲ. ಅದರ ದೊಡ್ಡ ಕಾಗದದ ಸ್ಪೀಕರ್, ಮರದ ಪೆಟ್ಟಿಗೆ, ಮತ್ತು ಆಗಿನ ಊರಿನ ಮೌನ.

ಹೀಗಾಗಿ ಕಡಿಮೆ ವ್ಯಾಟಿನ ವಾಲ್ವ್ ಸೆಟ್ಟಿನವರು ಹೇಳುವ ಮೊದಲ ಮಾತು ಪೂರ್ತಿ ನಿಜ. ಮನೆಗೆ ಬೇಕಾದ್ದು ಮೊದಲನೇ ವ್ಯಾಟ್, ನೂರನೆಯದಲ್ಲ. ಇದನ್ನು ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ.

ಅವರ ಎರಡನೇ ಮಾತು, ವಾಲ್ವಿನ ಧ್ವನಿ ಸಿಹಿ ಅನ್ನುವುದು. ಇದರಲ್ಲೂ ಸತ್ಯ ಇದೆ, ಆದರೆ ಅರ್ಧ. ಯಾವ ಆಂಪ್ಲಿಫೈಯರೂ ಕೊಟ್ಟದ್ದನ್ನು ಕೊಟ್ಟ ಹಾಗೇ ದೊಡ್ಡದು ಮಾಡುವುದಿಲ್ಲ, ತನ್ನದೂ ಸ್ವಲ್ಪ ಸೇರಿಸುತ್ತದೆ. 300ಬಿಯಂಥ ಟ್ರಯೋಡ್ ವಾಲ್ವನ್ನು ಒಂಟಿಯಾಗಿ ಬಳಸಿದಾಗ ಅದು ಸೇರಿಸುವುದು ಮುಖ್ಯವಾಗಿ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಎರಡು ಪಟ್ಟು ಕಂಪನ. ಸಂಗೀತದ ಭಾಷೆಯಲ್ಲಿ ಹೇಳಬೇಕೆಂದರೆ ನೀವು ಷಡ್ಜ ಕೊಟ್ಟರೆ ಅದು ಸಣ್ಣಗೆ ಮೇಲಿನ ಷಡ್ಜವನ್ನೂ ಕೂಡಿಸುತ್ತದೆ. ಅದು ಅಪಸ್ವರ ಹೇಗಾದೀತು? ಕಿವಿಗೆ ತುಂಬಿ ಬಂದ ಹಾಗೆ ಅನ್ನಿಸುತ್ತದೆ. ಇನ್ನೊಂದು ಗುಣ, ಶಕ್ತಿ ಮೀರಿದಾಗ ವಾಲ್ವ್ ಮೆಲ್ಲಗೆ ಬಾಗುತ್ತದೆ. ಟ್ರಾನ್ಸಿಸ್ಟರ್ ಸೆಟ್ ಮಿತಿ ಬರುವವರೆಗೆ ನೆಟ್ಟಗಿದ್ದು ಒಮ್ಮೆಲೇ ಕತ್ತರಿಸುತ್ತದೆ, ಕರಕರ ಅನ್ನುತ್ತದೆ.

ನಮ್ಮ ತಾಲೂಕಿನಿಂದ ಮೀರಜ್ ದೂರವಿಲ್ಲ. ಅಬ್ದುಲ್ ಕರೀಂ ಖಾನರು ಬಾಳಿ, 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದ ಊರು. ಅಲ್ಲಿಯ ತಂಬೂರಿ, ಸಿತಾರ್ ಮಾಡುವವರ ಓಣಿಗೆ ಹೋದರೆ ಜವಾರಿ ಮಾಡುವುದನ್ನು ನೋಡಬಹುದು. ತಂಬೂರಿಯ ಕುದುರೆಯನ್ನು ನಯವಾಗಿ ಉಜ್ಜಿ, ತಂತಿಯ ಕೆಳಗೆ ದಾರದ ಎಳೆ ಸರಿಸಿ ಸರಿಸಿ ನೋಡುತ್ತಾರೆ. ಒಂದು ಜಾಗದಲ್ಲಿ ತಂತಿ ಝಲ್ ಅಂತ ಬಿಚ್ಚಿಕೊಳ್ಳುತ್ತದೆ. ಆಗ ಬರುವುದು ಹಾರ್ಮೋನಿಕ್‌ಗಳ ಮಳೆ. ವಾಲ್ವ್ ಪ್ರಿಯರು ತಮ್ಮ ಸೆಟ್ಟಿಗೂ ಅಂಥದೇ ಜವಾರಿ ಇದೆ ಅನ್ನುತ್ತಾರೆ. ಹೋಲಿಕೆ ಚೆನ್ನಾಗಿದೆ. ಆದರೆ ನನ್ನ ತಕರಾರು ಇಷ್ಟೇ. ತಂಬೂರಿಯ ಜವಾರಿ ಗಾಯಕ ಕೂತು ಒಪ್ಪಿ ಮಾಡಿಸಿಕೊಂಡದ್ದು. ಅದು ಧ್ವನಿಮುದ್ರಣದ ಒಳಗೆ ಆಗಲೇ ಇದೆ. ಅದರ ಮೇಲೆ ನನ್ನ ಆಂಪ್ಲಿಫೈಯರ್ ಮತ್ತೊಂದು ಜವಾರಿ ಮಾಡಬೇಕೆ? ಊಟಕ್ಕೆ ಕೂತವನು ರುಚಿ ನೋಡದೆ ಉಪ್ಪು ಹಾಕಿಕೊಂಡ ಹಾಗೆ ಅದು. ಹಾಕಿಕೊಳ್ಳಲಿ, ತಪ್ಪಲ್ಲ. ಆದರೆ ಅಡುಗೆಯವಳಿಗಿಂತ ನನ್ನ ಉಪ್ಪೇ ದೊಡ್ಡದು ಅನ್ನಬಾರದು.

ಮೂರನೆಯ ಸಂಗತಿ ಯಾರೂ ಹೇಳುವುದಿಲ್ಲ. ಫೀಡ್‌ಬ್ಯಾಕ್ ಇಲ್ಲದ ವಾಲ್ವ್ ಸೆಟ್ಟಿನ ಒಳಗಿನ ತಡೆ ಎರಡು ಮೂರು ಓಮ್ ಇರಬಹುದು. ಟ್ರಾನ್ಸಿಸ್ಟರ್ ಸೆಟ್ಟಿನದು ಸಾಮಾನ್ಯವಾಗಿ ಓಮಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೂ ಸ್ವರ ಬದಲಾದ ಹಾಗೆ ಅದರ ತಡೆ ಏರುತ್ತದೆ, ಇಳಿಯುತ್ತದೆ. ವಾಲ್ವ್ ಸೆಟ್ ಆ ಏರಿಳಿತದ ಹಿಂದೆಯೇ ಹೋಗುತ್ತದೆ. ತಡೆ ಏರಿದ ಕಡೆ ಧ್ವನಿ ಸ್ವಲ್ಪ ಎದ್ದು ಬರುತ್ತದೆ. ಒಂದು ಸ್ಪೀಕರಿಗೆ ಅದು ಹಿತ, ಇನ್ನೊಂದಕ್ಕೆ ಬುಡುಬುಡು. "ವಾಲ್ವಿನ ಬೆಚ್ಚನೆಯ ಧ್ವನಿ" ಅಂತ ಹೊಗಳುವುದರಲ್ಲಿ ದೊಡ್ಡ ಪಾಲು ಇದೇ. ಇದು ಗಾಜಿನ ಬುರುಡೆಯೊಳಗಿನ ಮಾಯೆಯಲ್ಲ, ಸ್ಪೀಕರ್ ಮತ್ತು ಸೆಟ್ಟಿನ ಲಗ್ನ.

1985ರಲ್ಲಿ ಅಮೆರಿಕದಲ್ಲಿ ಇದರ ಬಗ್ಗೆ ಒಂದು ಪಂದ್ಯವೇ ನಡೆಯಿತು. ಬಾಬ್ ಕಾರ್ವರ್ ಅನ್ನುವ ಎಂಜಿನಿಯರ್ ಸ್ಟೀರಿಯೋಫೈಲ್ ಪತ್ರಿಕೆಯವರಿಗೆ, ನೀವು ಮೆಚ್ಚುವ ಯಾವುದೇ ದುಬಾರಿ ಸೆಟ್ ಕೊಡಿ, ಅದರ ಧ್ವನಿಯನ್ನು ನನ್ನ ಅಗ್ಗದ ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ತಂದು ತೋರಿಸುತ್ತೇನೆ ಅಂದರು. ಪತ್ರಿಕೆಯವರು ಕೊಟ್ಟದ್ದು ಭಾರೀ ಬೆಲೆಯ ವಾಲ್ವ್ ಸೆಟ್. ಕಾರ್ವರ್ ಎರಡರ ಔಟ್‌ಪುಟ್ಟನ್ನು ಒಂದರಿಂದೊಂದು ಕಳೆದು, ಉಳಿದದ್ದು ಹೆಚ್ಚುಕಡಿಮೆ ಸೊನ್ನೆ ಆಗುವವರೆಗೆ ತಮ್ಮ ಸೆಟ್ಟನ್ನು ತಿದ್ದಿದರು. ಕೊನೆಗೆ ಕೇಳಿದವರು ತಮಗೆ ವ್ಯತ್ಯಾಸ ತಿಳಿಯುತ್ತಿಲ್ಲ ಅಂತ ಒಪ್ಪಿಕೊಂಡರು. ಅಂದರೆ ವಾಲ್ವಿನ ಧ್ವನಿ ಅನ್ನುವುದು ಇದೆ, ಆದರೆ ಅದಕ್ಕೆ ವಾಲ್ವೇ ಬೇಕೆಂದಿಲ್ಲ.

ಓದಿದ್ದು ಸಾಕು, ನಾವೇ ಪರೀಕ್ಷೆ ಮಾಡೋಣ ಅಂತ ಅಪ್ಪನ ರೇಡಿಯೋ ಇಳಿಸಿದೆ. ಒಣಗಿದ ಕಂಡೆನ್ಸರುಗಳನ್ನು ಬದಲಾಯಿಸಿದೆ. ಹಿಂದೆ ಗ್ರಾಮಫೋನಿನ ಪಿನ್ ಹಾಕುವ ಜಾಗ ಇದೆ, ಅದಕ್ಕೆ ಮೊಬೈಲ್ ಜೋಡಿಸಿದೆ. ಹೊರಗಿನ ಸ್ಪೀಕರ್ ಜೋಡಿಸುವ ಜಾಗಕ್ಕೆ ಒಂದು ಒಳ್ಳೆಯ ಸ್ಪೀಕರ್. ಇನ್ನೊಂದು ಕಡೆ ಕೆಲವು ನೂರು ರೂಪಾಯಿಗೆ ಸಿಗುವ ಕ್ಲಾಸ್ ಡಿ ಬೋರ್ಡು. ಅಂಗೈಯಗಲದ ಈ ಬೋರ್ಡು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಾ ಹಾಡನ್ನು ಕಟ್ಟಿಕೊಡುತ್ತದೆ. ವಿದ್ಯುತ್ತಿನ ಬಹುಪಾಲು ಸ್ಪೀಕರಿಗೇ ಹೋಗುವುದರಿಂದ ಬಿಸಿಯೂ ಆಗುವುದಿಲ್ಲ. ಒಂದೇ ಸ್ಪೀಕರ್, ಎರಡು ಸೆಟ್, ನಡುವೆ ಒಂದು ಸ್ವಿಚ್. ಸ್ಪೀಕರ್ ಕಳಚಿದಾಗ ವಾಲ್ವ್ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಖಾಲಿ ಇರಬಾರದು, ಸುಡಬಹುದು. ಅದಕ್ಕಾಗಿ ಒಂದು ರೆಸಿಸ್ಟರ್ ಕಟ್ಟಿದೆ.

ಮೊದಲ ದಿನ ಸುಮ್ಮನೆ ಬದಲಾಯಿಸಿ ಕೇಳಿಸಿದೆ. ಮನೆಯವರೆಲ್ಲ ಒಂದೇ ಮಾತು, ಬೋರ್ಡೇ ಛಲೋ! ಕಾರಣ ಏನೆಂದರೆ ಅದು ಸ್ವಲ್ಪ ಜೋರಾಗಿತ್ತು. ಇದು ದೊಡ್ಡ ಮೋಸ ನೋಡಿ. ಸ್ವಲ್ಪವೇ ಜೋರಾದರೂ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಛಲೋ ಅನ್ನುತ್ತದೆ. ಅಂಗಡಿಯಲ್ಲಿ, ಗೆಳೆಯರ ಮನೆಯಲ್ಲಿ ನಾವು ಮೋಸ ಹೋಗುವುದು ಇಲ್ಲೇ. ಮರುದಿನ ಒಂದೇ ಸ್ವರದ ಧ್ವನಿ ಹಚ್ಚಿ, ಸ್ಪೀಕರ್ ತಂತಿಗೆ ಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿದೆ. ಸೆಟ್ಟುಗಳ ಮೇಲೆ ಟವೆಲ್ ಮುಚ್ಚಿದೆ. ಹಳೆಯ ಮೊನೋ ಮುದ್ರಣಗಳನ್ನೇ ಹಚ್ಚಿದೆ, ಒಂದು ಸ್ಪೀಕರಿಗೆ ಅವೇ ಸರಿ. ಹನ್ನೆರಡು ಸಲ ಬದಲಾಯಿಸಿ ಚೀಟಿ ಬರೆಸಿದೆ. ಗುರುಗಳನ್ನೂ ಕರೆದಿದ್ದೆ.

ನಮ್ಮ ಮನೆಯವರದು ಹನ್ನೆರಡರಲ್ಲಿ ಆರು ಸರಿ. ಗುರುಗಳದು ಏಳು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಆದರೆ ಆರನೇ ಕ್ಲಾಸಿನ ಮಗಳದು ಹತ್ತು ಸರಿ! ನಾವೆಲ್ಲ ಬೆರಗಾದೆವು. ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ಹಾಡು ನಿಂತಾಗ ಒಂದರಾಗ ಗುಂಯ್ ಅಂತದಲ್ಲ ಅಪ್ಪ, ಅದು ಅಜ್ಜನ ರೇಡಿಯೋ" ಅಂದಳು. ಅವಳು ಕೇಳಿದ್ದು ಸಂಗೀತವನ್ನಲ್ಲ, ಮೌನವನ್ನು. ಇದು ನಾಲ್ಕು ಜನರ ಮನೆಯಾಟ, ಪ್ರಯೋಗಾಲಯದ ಸಂಶೋಧನೆ ಅಲ್ಲ. ರೇಡಿಯೋದ ವಾಲ್ವ್ ಹಂತಕ್ಕೆ ಫೀಡ್‌ಬ್ಯಾಕ್ ಇತ್ತು, 300ಬಿ ಸೆಟ್ಟಿನ ರುಚಿ ಬೇರೆ ಇರಬಹುದು. ಆದರೂ ಸಮ ಧ್ವನಿಯಲ್ಲಿ, ಕಣ್ಣು ಮುಚ್ಚಿ ಕೇಳಿದರೆ ಅಂತರ ಎಷ್ಟು ಸಣ್ಣದು ಅನ್ನುವುದು ಕಲಿತ ಪಾಠ.

ಹಾಗಾದರೆ ಹಳಬರು "ಟ್ರಾನ್ಸಿಸ್ಟರ್ ಸೆಟ್ ಕರ್ಕಶ" ಅಂತ ಬೈದದ್ದು ಸುಳ್ಳೇ? ಸುಳ್ಳಲ್ಲ. ಮೊದಮೊದಲ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಒಂದು ಟ್ರಾನ್ಸಿಸ್ಟರ್ ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಗಳಿಗೆಯಲ್ಲಿ ಸಣ್ಣ ತೊಡಕು ಇರುತ್ತಿತ್ತು. ಇಬ್ಬರು ಮಾಸ್ತರರು ಪಿರಿಯಡ್ ಬದಲಾಯಿಸುವಾಗ ಕ್ಲಾಸು ಗದ್ದಲ ಎಬ್ಬಿಸುತ್ತದಲ್ಲ, ಹಾಗೆ. ಸಣ್ಣ ಧ್ವನಿಯಲ್ಲಿ ಕೇಳುವಾಗಲೇ ಅದು ಹೆಚ್ಚು ಚುಚ್ಚುತ್ತದೆ. ಒಂಟಿ ವಾಲ್ವಿನ ಸೆಟ್ಟಿನಲ್ಲಿ ಕೈ ಬದಲಾಯಿಸುವ ಪ್ರಶ್ನೆಯೇ ಇಲ್ಲ, ಒಬ್ಬರೇ ಮಾಸ್ತರರು ಇಡೀ ದಿನ. ಆದರೆ ಇದು ಹಳೆಯ ಮಾತು. ನೆಟ್ಟಗೆ ವಿನ್ಯಾಸ ಮಾಡಿದ ಇವತ್ತಿನ ಸೆಟ್ಟುಗಳಲ್ಲಿ ಈ ದೋಷ ಕಿವಿಗೆ ಸಿಗದಷ್ಟು ಕಡಿಮೆ.

ಇನ್ನು ಖರ್ಚು. ಎರಡು ಇಎಲ್84 ಇರುವ ಸಣ್ಣ ಸ್ಟೀರಿಯೋ ಸೆಟ್ 60 ವ್ಯಾಟ್ ಎಳೆಯಿತು ಅನ್ನಿ. ಹಾಡು ಇರಲಿ ಬಿಡಲಿ, ಅಷ್ಟು ಎಳೆಯುತ್ತದೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಐದೂವರೆ ಯೂನಿಟ್. ಅದು ಹೆಚ್ಚೇನಲ್ಲ. ಆದರೆ ಆ ಬಹುಪಾಲು ಬಿಸಿಯಾಗಿ ಕೋಣೆಗೇ ಬರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳು ನಿಮಗೆ ಗೊತ್ತಲ್ಲ! ಫ್ಯಾನ್ ಹಚ್ಚಬೇಕು, ಫ್ಯಾನಿನ ಸದ್ದಿಗೆ ಧ್ವನಿ ಏರಿಸಬೇಕು. ಔಟ್‌ಪುಟ್ ವಾಲ್ವ್ ಕೆಲವು ಸಾವಿರ ಗಂಟೆಗೆ ಸೋಲುತ್ತದೆ, ಆಗ ಹೊಸದು ಹಾಕಬೇಕು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಜಗತ್ತಿನಾದ್ಯಂತ ವಾಲ್ವುಗಳ ಸರಬರಾಜು ಏರುಪೇರಾಗಿತ್ತು. ಹಳ್ಳಿಯಲ್ಲಿ ಕೂತ ನಿವೃತ್ತ ಮಾಸ್ತರರು ಸರಾತೋವದ ಕಾರ್ಖಾನೆಯ ದಾರಿ ಕಾಯಬೇಕೆ?

ಒಂದು ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ವಾಲ್ವ್ ಸೆಟ್ಟಿನೊಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರಬಹುದು. ಮುಟ್ಟಿದರೆ ಜೀವಕ್ಕೇ ಕುತ್ತು. ಇನ್ನೊಂದು, ಹಳೆಯ ರೇಡಿಯೋಗಳಲ್ಲಿ ಯುಎಲ್84, ಯುಸಿಎಚ್81 ಅಂತ ಯು ಅಕ್ಷರದಿಂದ ಶುರುವಾಗುವ ವಾಲ್ವುಗಳಿದ್ದರೆ ಅದು ಎಸಿ-ಡಿಸಿ ಸೆಟ್. ಅದರಲ್ಲಿ ಮೇನ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಗೇ ನೇರ ಕರೆಂಟ್ ಬರುತ್ತದೆ. ಅಂಥ ಸೆಟ್ಟಿಗೆ ಮೊಬೈಲ್ ಜೋಡಿಸಲೇಬೇಡಿ. ನನ್ನದು ಇ ಅಕ್ಷರದ, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿದೆ. ಅಟ್ಟದ ರೇಡಿಯೋ ಇಳಿಸಿ ನೇರ ಪ್ಲಗ್ಗಿಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕಂತೂ ಖಂಡಿತ ಬೇಡ.

ಈಗ ಗುರುಗಳ ಮನೆಯ ಲೆಕ್ಕಕ್ಕೆ ಬರೋಣ. ಅವರ ಹತ್ತಿರ ಇರುವುದು ಸಣ್ಣ ಪುಸ್ತಕದ ಗಾತ್ರದ ಸ್ಪೀಕರ್, ಸಂವೇದನೆ 84. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಸರಾಸರಿ 78 ಡೆಸಿಬಲ್ ಇಟ್ಟುಕೊಂಡು ಕೇಳುತ್ತಾರೆ. ಸ್ವರ ಏರಿದಾಗ 93 ಬೇಕು. ಅವರ ಕುರ್ಚಿಗೆ ಒಂದು ವ್ಯಾಟಿನಲ್ಲಿ ತಲುಪುವುದು 81. ಇನ್ನು 12 ಡೆಸಿಬಲ್ ಏರಬೇಕೆಂದರೆ ಹದಿನಾರು ವ್ಯಾಟ್. ಅವರು ತರಿಸಬೇಕೆಂದಿರುವ ಸೆಟ್ ಎಂಟೇ ವ್ಯಾಟ್! ಪುಣೆಯ ಮನೆಯಲ್ಲಿ ಅದು ಚೆನ್ನಾಗಿ ಹಾಡಿದ್ದು ಅಲ್ಲಿಯ ಆಳೆತ್ತರದ ಸ್ಪೀಕರಿನಿಂದ. ಅದನ್ನು ಅಲ್ಲೇ ಬಿಟ್ಟು ಬುರುಡೆ ಮಾತ್ರ ಇಲ್ಲಿಗೆ ತಂದರೆ, ಎತ್ತು ಬಿಟ್ಟು ಬರೀ ನೊಗ ತಂದ ಹಾಗೆ. ಅದೇ 90 ಸಂವೇದನೆಯ ಸ್ಪೀಕರ್ ತಂದರೆ ನಾಲ್ಕು ವ್ಯಾಟಿಗೇ ಕೆಲಸ ಮುಗಿಯುತ್ತದೆ. ಆಗ ಸೆಟ್ ವಾಲ್ವಿನದಿರಲಿ, ಚಿಪ್ಪಿನದಿರಲಿ, ನಡೆಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ರೊಕ್ಕದ ಹೆಚ್ಚಿನ ಪಾಲು ಸ್ಪೀಕರಿಗೆ ಹಾಕಿ. ಆಂಪ್ಲಿಫೈಯರ್ ಸಾಧಾರಣ ಟ್ರಾನ್ಸಿಸ್ಟರಿನದೋ ಕ್ಲಾಸ್ ಡಿಯದೋ ಸಾಕು. ಡಬ್ಬಿಯ ಮೇಲಿನ ಸಾವಿರ ವ್ಯಾಟ್ ಓದಬೇಡಿ. ಸ್ಪೀಕರನ್ನು ಗೋಡೆಯ ಮೂಲೆಗೆ ತುರುಕಬೇಡಿ. ಬರಿಗೋಡೆಗೆ ಒಂದು ಜಮಖಾನೆ, ಪುಸ್ತಕದ ಕಪಾಟು ಇಟ್ಟರೆ ಧ್ವನಿ ಎಷ್ಟೋ ಸುಧಾರಿಸುತ್ತದೆ. ಮನೆಯಲ್ಲಿ ಮೊದಲೇ ವಾಲ್ವ್ ರೇಡಿಯೋ ಇದ್ದರೆ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಡಿ, ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ಆದರೆ ಪೆನ್ಶನ್ ಮುರಿದು ಹೊಸದು ತರಿಸುವಷ್ಟು ಅಂತರ ಅದರಲ್ಲಿಲ್ಲ.

ಇಷ್ಟನ್ನೂ ಗುರುಗಳಿಗೆ ಹೇಳಿದೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಒಂದು ಮಾತು ಅಂದರು. "ನಿಮ್ಮ ಲೆಕ್ಕ ಖರೇ ಐತಿ ಮಾಸ್ತರ. ಆದ್ರ ಮೊಬೈಲ್‌ನಾಗ ನಾ ಒಂದು ರಾಗ ಪೂರ್ತಿ ಕೇಳಿ ಎಷ್ಟು ವರ್ಷ ಆತು. ಆ ಬುರುಡಿ ಹತ್ತಿದ ಮ್ಯಾಲೆ ಎದ್ದು ಹೋಗಾಕ ಮನಸ್ಸಾಗಲಿಲ್ಲ. ಅದಕ್ಕ ನಿಮ್ಮ ಮೀಟರ್ ಏನಂತದ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕಾಯಲು ಅರ್ಧ ನಿಮಿಷ ಬೇಡುವ ಯಂತ್ರ ನಮ್ಮನ್ನು ಕೂಡಿಸುತ್ತದೆ ಅನ್ನುವುದು ನಿಜ. ನಾನೂ ಚಿಕ್ಕಂದಿನಲ್ಲಿ ಹಾಗೆ ಕೂತವನೇ. ಆದರೆ ಕೂಡುವ ಅಭ್ಯಾಸವನ್ನು ಒಂದು ಲಕ್ಷ ನಲವತ್ತು ಸಾವಿರಕ್ಕೆ ಕೊಳ್ಳಬೇಕೆ? ನಮ್ಮಪ್ಪ ಕೂತದ್ದು ವಾಲ್ವಿನ ಸಲುವಾಗಿ ಅಲ್ಲ. ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ ಆ ಹಾಡು ಬರುತ್ತಿತ್ತು, ತಪ್ಪಿದರೆ ಹೋಯಿತು. ಮೊಬೈಲ್ ಆ ಹಸಿವನ್ನು ಕಸಿದುಕೊಂಡಿತು. ಅದನ್ನು ಯಾವ ಆಂಪ್ಲಿಫೈಯರೂ ಮರಳಿ ಕೊಡುವುದಿಲ್ಲ, ನಾವೇ ಮನಸ್ಸು ಮಾಡಬೇಕು.

ಇನ್ನೊಂದು ಸಂಗತಿ ಮುಚ್ಚಿಡಬಾರದು. ಗುರುಗಳು ನಿವೃತ್ತಿಯ ದಿನ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಇಪ್ಪತ್ತೈದು ಸಾವಿರ ಕೊಡುತ್ತೇನೆ ಅಂದಿದ್ದರು. ಸೆಟ್ ತರಿಸಿದರೆ ಅದು ಹಿಂದೆ ಬೀಳುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಹಾಗಾದರೆ ನನ್ನ ಸಲಹೆಯಲ್ಲಿ ಸ್ವಾರ್ಥ ಇತ್ತೇ? ಇದ್ದಿರಬಹುದು. ಅದಕ್ಕೇ ಲೆಕ್ಕ ಪೂರ್ತಿ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿ. ಗುರುಗಳಿಗೂ ಹೇಳಿದೆ, ಗ್ರಂಥಾಲಯದ ಮಾತು ಮರೆತುಬಿಡಿ, ನಿಮ್ಮ ರೊಕ್ಕ, ನಿಮ್ಮ ಕಿವಿ ಅಂತ.

ಕೊನೆಗೆ ಶಾಲೆಯ ಹತ್ತಿರ ಬಂದೇಬಿಟ್ಟೆ ನೋಡಿ. ನಮ್ಮ ಮಕ್ಕಳು ಈಗ ಕನ್ನಡ ಕೇಳುವುದು ಎಲ್ಲಿಂದ? ಮೊಬೈಲಿನ ಉಗುರಗಲದ ಸ್ಪೀಕರಿನಿಂದ, ಇಲ್ಲವೇ ಮೆರವಣಿಗೆಯ ಡಿಜೆಯಿಂದ. ಮೊದಲನೆಯದರಲ್ಲಿ ಕೆಳಗಿನ ಸ್ವರ ಇಲ್ಲ, ಎರಡನೆಯದರಲ್ಲಿ ಅದೇ ಎಲ್ಲವನ್ನೂ ನುಂಗುತ್ತದೆ. ಸ, ಶ, ಷ, ಥ, ಫ ಇವೆಲ್ಲ ಬೇರೆ ಬೇರೆಯಾಗಿ ಕೇಳಬೇಕೆಂದರೆ ಮೇಲಿನ ಕಂಪನಗಳು ಸ್ಪಷ್ಟ ಇರಬೇಕು. ನಮ್ಮ ಗಡಿಯ ಮಕ್ಕಳಿಗೆ ಮೊದಲೇ ಅಲ್ಪಪ್ರಾಣ, ಮಹಾಪ್ರಾಣ ತೊಡಕು. ಕೇಳದ ಅಕ್ಷರ ನಾಲಿಗೆಗೆ ಹೇಗೆ ಬರಬೇಕು? 2000ದ ಶಬ್ದ ಮಾಲಿನ್ಯ ನಿಯಮ ಶಾಲೆಯ ಸುತ್ತ ನೂರು ಮೀಟರ್ ಮೌನ ವಲಯ ಅನ್ನುತ್ತದೆ, ಹಗಲಿಗೆ 50 ಡೆಸಿಬಲ್ ಮಿತಿ. ಓದಲು ಚೆಂದ ಇದೆ. ಮನೆಯಲ್ಲಿ ಒಂದು ನೆಟ್ಟಗಿನ ಸ್ಪೀಕರ್, ಒಂದೇ ವ್ಯಾಟ್, ಸಂಜೆ ಅರ್ಧ ಗಂಟೆ ಕನ್ನಡ. ನಾನು ಪಾಲಕರ ಸಭೆಯಲ್ಲಿ ಹೇಳುವುದು ಇಷ್ಟೇ.

ನಮ್ಮ ಮನೆಯಲ್ಲಿ ಈಗ ಬೋರ್ಡೇ ನಡೆಯುತ್ತಿದೆ. ಅಪ್ಪನ ರೇಡಿಯೋ ಅಟ್ಟಕ್ಕೆ ವಾಪಸ್ ಹೋಗಿಲ್ಲ, ಪಡಸಾಲೆಯಲ್ಲಿದೆ. ರವಿವಾರ ಸಂಜೆ ಅದನ್ನೇ ಹಚ್ಚುತ್ತೇನೆ. ಧ್ವನಿ ಮೇಲು ಅಂತ ಅಲ್ಲ. ಗುಂಯ್ ಅನ್ನುವುದು ಶುರುವಾದರೆ ಮಗಳು ಬಂದು ಪಕ್ಕದಲ್ಲಿ ಕೂಡುತ್ತಾಳೆ. ಗುರುಗಳೂ ಎರಡು ರವಿವಾರ ಬಂದಿದ್ದರು. ಚೀಟಿ ಇನ್ನೂ ಅವರ ಜೇಬಿನಲ್ಲೇ ಇದೆ.

ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ? ತಿಳಿಸಿ. ಮತ್ತೆ ಸಿಗೋಣ.